ಹುಣಸೆಬೀಜದಿಂದ ಇಂಗ್ಲಿಷು

ದಡ್ಡಿಯಂಥ ಹಳ್ಳಿಗಳಲ್ಲಿ ತಂದೆತಾಯಿಗಳ ಚಿಂತೆ ಇದು: ನಮ್ಮ ಕೂಸು ಇಂಗ್ಲಿಷು ಕಲಿಯದಿದ್ದರೆ ನಮ್ಮಂತೆ ಕಬ್ಬು ಕಡಿಯುತ್ತಲೇ ಇರಬೇಕಾದೀತು. ಈ ಭಯದಿಂದ ಆಡು ಮಾರಿ ದೂರದ ಶಾಲೆಗೆ ಫೀ ಕಟ್ಟುವವರೂ ಉಂಟು. ಆದರೆ ನಮ್ಮ ರಾಜ್ಯದ ಸರಕಾರಿ ಕನ್ನಡ ಶಾಲೆಗಳಲ್ಲಿಯೂ 2007ನೇ ಇಸವಿಯಿಂದ ಒಂದನೆಯ ಇಯತ್ತೆಯಲ್ಲಿಯೇ ಇಂಗ್ಲಿಷು ಒಂದು ವಿಷಯವಾಗಿರುತ್ತದೆ. ಅದನ್ನು ಅಲ್ಲಿ ಚೆನ್ನಾಗಿ ಕಲಿಸುವದು ಹೇಗೆಂಬದೇ ಪ್ರಶ್ನೆ.

ಮೊದಲು ಮಗುವಿನ ತೊಡಕನ್ನು ತಿಳಿಯೋಣ. ಕನ್ನಡದಲ್ಲಿ 'ಕ' ಎಂಬ ಅಕ್ಷರದ ಹೆಸರೂ ಧ್ವನಿಯೂ ಒಂದೇ. ಇಂಗ್ಲಿಷಿನಲ್ಲಿ ಹಾಗಲ್ಲ. 'ಸಿ' ಎಂದು ಹೆಸರುಳ್ಳ ಅಕ್ಷರವು 'ಕ್ಯಾಟ್' ಎಂಬ ಶಬ್ದದಲ್ಲಿ 'ಕ್' ಎಂದು ನುಡಿಯುತ್ತದೆ. ಆದದರಿಂದ ಮಗುವು ಆ ಶಬ್ದವನ್ನು 'ಸಿಎಟಿ' ಎಂದು ಓದಿದರೆ ಅದು ಮಂದಬುದ್ಧಿಯಲ್ಲ. ಕನ್ನಡದ ನ್ಯಾಯವನ್ನೇ ಅನುಸರಿಸಿದ್ದು. ಅದಕ್ಕಾಗಿ ಬೆತ್ತ ಎತ್ತುವದು ಅನ್ಯಾಯವೇ ಸರಿ. ಇಪ್ಪತ್ತಾರು ಹೆಸರುಗಳನ್ನು ಉರುಹೊಡಿಸುವದಕ್ಕೆ ಮುಂಚೆ ಸ್, ಆ್ಯ, ಟ್, ಪ್, ಇ, ನ್ ಎಂಬ ಆರು ಧ್ವನಿಗಳನ್ನು ಕಲಿಸಬೇಕು. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಆ ಆರು ಅಕ್ಷರಗಳನ್ನು ದೊಡ್ಡದಾಗಿ ಬರೆದು ಜೋಡಿಸಿದರೆ ಪಿನ್, ಟಿನ್, ಪ್ಯಾನ್, ಟ್ಯಾಪ್, ಸಿಟ್ ಎಂಬ ಶಬ್ದಗಳು ಹುಟ್ಟುವವು. ಹುಣಸೆಬೀಜಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಅದೇ ಅಕ್ಷರಗಳ ರೂಪವನ್ನು ಮಾಡಿಸಬಹುದು. ಬರೆಯುವ ಮುಂಚೆ ಬೆರಳಿಗೆ ಅದರ ತಿರುವು ತಿಳಿದಿರುವದು.

ಇನ್ನು ವಾಕ್ಯ. 'ಪೆಟ್ಟಿಗೆಯಲ್ಲಿ' ಎಂದಾಗ ನಮ್ಮ 'ಅಲ್ಲಿ'ಯು ಪೆಟ್ಟಿಗೆಯ ಹಿಂದೆ ಬರುತ್ತದೆ. ಅವರ 'ಇನ್' ಅದರ ಮುಂದೆ ನಿಲ್ಲುತ್ತದೆ. ಇದನ್ನು ವ್ಯಾಕರಣವಾಗಿ ಹೇಳಿದರೆ ಆರು ವರುಷದ ಮಗುವಿಗೆ ಏನೂ ಹತ್ತದು. ಖಾಲಿ ಕಡ್ಡಿಪೆಟ್ಟಿಗೆಯನ್ನೂ ಬೀಜವನ್ನೂ ಕೊಟ್ಟು 'ಪುಟ್ ಇಟ್ ಇನ್ ದ ಬಾಕ್ಸ್', 'ಆನ್ ದ ಬಾಕ್ಸ್', 'ಅಂಡರ್ ದ ಬಾಕ್ಸ್' ಎಂದು ಹೇಳುತ್ತಾ ಮಾಡಿಸಿರಿ. ಮೊದಲ ಕೆಲವು ವಾರ ಮಗು ಬಾಯಿ ತೆರೆಯದಿದ್ದರೂ ಚಿಂತೆಯಿಲ್ಲ. ಕೈ ತಪ್ಪದೆ ಹೋದರೆ ಕಿವಿ ಕೇಳಿದೆ ಎಂದು ತಿಳಿಯಿರಿ.

ಪಾಠದ ನಡುವೆ ಕನ್ನಡ ಆಡಬಾರದೆಂದು ಕೆಲವರು ಹಟಹಿಡಿಯುವರು. ನಾವು ಒಪ್ಪೆವು. ಕಿಟ್ಟೆಲ್ ಪಂಡಿತರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಕನ್ನಡ ಶಬ್ದವನ್ನು ಮೊದಲಿಟ್ಟು ಅದರ ಬಳಿಯಲ್ಲಿ ಇಂಗ್ಲಿಷನ್ನು ಇಟ್ಟರು. ತಿಳಿದದ್ದರ ಕೈಹಿಡಿದು ತಿಳಿಯದ್ದರ ಕಡೆಗೆ ಹೋಗುವದು ಮಗುವಿಗೂ ಸುಲಭ. ಕನ್ನಡವನ್ನು ಸರಾಗವಾಗಿ ಓದಬಲ್ಲ ಮಗುವಿಗೆ ಎರಡನೆಯ ಲಿಪಿಯ ಭಯ ಕಡಿಮೆ.

ಓದುಬಾರದ ತಾಯಂದಿರೂ ಇದರಲ್ಲಿ ಸಹಾಯಮಾಡಬಹುದು. ಸಂಜೆ ರೊಟ್ಟಿ ಬಡಿಯುವಾಗ ತಂಬಿಗೆಯನ್ನೋ ದೀಪವನ್ನೋ ತೋರಿಸಿ, "ಇದಕ್ಕ ಸಾಲ್ಯಾಗ ಏನಂತಾರವ್ವಾ?" ಎಂದು ಮಗಳನ್ನು ಕೇಳಿರಿ. ಆಕೆ ಹೇಳಿದ್ದನ್ನು ನೀವೂ ಒಮ್ಮೆ ಹೇಳಿರಿ. ತಪ್ಪಿದರೆ ಆಕೆಯೇ ತಿದ್ದಲಿ.