ಮೈಲಾರ ಜಾತ್ರೆ, ಕಾರಿನ ಹೀಟರ್ ಮತ್ತು ನಮ್ಮ ಮಾವನವರು

ಮೈಲಾರ ಜಾತ್ರೆಯಲ್ಲಿ ನಾನು ನನ್ನದೇ ಕಾರಿನ ಗ್ಲಾಸು ಒಡೆದದ್ದು ನಿಜ. ಪೆಟ್ರೋಲ್ ಉಳಿಸಲು ಹೆಂಡತಿಯ ತವರಿನವರನ್ನು ಚಳಿಯಲ್ಲಿ ನಡುಗಿಸಿದೆ ಎನ್ನುವುದು ಮಾತ್ರ ಸುಳ್ಳು. ಕೊಟ್ಟೂರಿನಿಂದ ಹರಪನಹಳ್ಳಿವರೆಗೆ ನೆಂಟರ ಮನೆಗಳಲ್ಲಿ ಈ ಸುಳ್ಳೇ ಹೆಚ್ಚು ಓಡಾಡುತ್ತಿದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ಮುಂದಿನ ಭರತ ಹುಣ್ಣಿಮೆಗೆ ಕಾರು ಹೊರಡಿಸುವವರಿಗೂ ಉಪಯೋಗವಾದೀತು.

ನಮ್ಮ ಕಡೆಯವರಿಗೆ ಚಳಿ ಎಂದರೆ ಸಸಾರ. ಬಿಸಿಲು ತಿಂದ ಮೈ, ಚಳಿ ಏನು ಮಾಡೀತು ಎಂಬ ಧೈರ್ಯ. ಡಿಸೆಂಬರ್, ಜನವರಿಯಲ್ಲಿ ಕೂಡ್ಲಿಗಿ ಬಯಲಲ್ಲಿ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೂ ಮನೆಯಲ್ಲಿ ಸ್ವೆಟರ್ ಹುಡುಕಬೇಕು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎನ್ನುತ್ತಾರಲ್ಲ, ಭರತ ಹುಣ್ಣಿಮೆ ಬರುವುದು ಅದಕ್ಕೂ ಮೊದಲು. ಮೇಲಾಗಿ ಮೈಲಾರ ಇರುವುದು ತುಂಗಭದ್ರೆಯ ದಡದಲ್ಲಿ. ಹಗಲೆಲ್ಲ ಬೆವರು, ಸರಿರಾತ್ರಿಗೆ ಹೊಳೆಗಾಳಿ. ಬಂಡಿ ಕಟ್ಟಿಕೊಂಡು ಬಂದವರು ಹುಲ್ಲು ಹಾಸಿ ಕಂಬಳಿ ಹೊದ್ದು ಮಲಗುತ್ತಾರೆ. ಕಾರಿನವರಿಗೆ ಕಾರೇ ಗತಿ.

ಡಿಕ್ಕಿಯಲ್ಲಿ ನಾನೂ ಎರಡು ಕಂಬಳಿ ಇಟ್ಟಿದ್ದೆ. ಹೊರಡುವಾಗ ಮಾವನವರು ಅವನ್ನು ತೆಗೆದು ಪಡಸಾಲೆಗೆ ಎಸೆದರು. “ಕಾರಿನ್ಯಾಗ ಹೀಟರ್ ಐತಿ, ಕಂಬಳಿ ಯಾಕ?” ಹಿರಿಯರು, ಎದುರು ಆಡಲಿಲ್ಲ. ಹಗರಿಬೊಮ್ಮನಹಳ್ಳಿ, ಹಡಗಲಿ ದಾಟಿ ಮೈಲಾರ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಗಾಡಿ ನಿಲ್ಲಿಸಲು ಸಿಕ್ಕದ್ದು ಜೋಳ ಕೊಯ್ದ ಹೊಲ. ಹಿಂದೆ ಎತ್ತರದ ಬದು, ಎರಡೂ ಪಕ್ಕ ಬಂಡಿ. ಮಂಡಕ್ಕಿ ಮಿರ್ಚಿ ತಿಂದು ಎಲ್ಲರೂ ಕಾರಿನಲ್ಲಿ ಕೂತೆವು. ನಡುರಾತ್ರಿ ಚಳಿ ಬಡಿಯತೊಡಗಿತು. ಭಾಮೈದನ ಬಂಡಿಯಲ್ಲಿ ಕಂಬಳಿ ಇದ್ದವು. ತರೋಣವೆಂದು ನಾನೂ ಹೆಂಡತಿಯೂ ಹೊರಟೆವು. ಗ್ಲಾಸ್ ಏರಿಸಿಕೊಳ್ಳಲು ಬೇಕೆಂದು ಅತ್ತೆ ಕೀಲಿ ಇಸಿದುಕೊಂಡರು. “ಮಾವಾರ, ನಿಂತ ಗಾಡಿ ಚಾಲೂ ಮಾಡಿ ಮಲಗಬ್ಯಾಡ್ರಿ” ಎಂದು ಎರಡೆರಡು ಸಲ ಹೇಳಿಯೇ ಹೋದೆ. “ಒಂದ್ ಲೀಟರ್ ಪೆಟ್ರೋಲಿಗೆ ಎಷ್ಟ್ ಲೆಕ್ಕ ಹಾಕ್ತೀರಿ ಅಳಿಯಾರ” ಎಂದರು. ಊರೆಲ್ಲ ಸುತ್ತಿದ ಮಾತು ಹುಟ್ಟಿದ್ದು ಇಲ್ಲಿ.

ಮೈಲಾರದಲ್ಲಿ ರಾತ್ರಿ ಒಂದು ಬಂಡಿ ಹುಡುಕಿದವರಿಗೇ ಗೊತ್ತು. ಕಂಬಳಿ ಹೊತ್ತು ತಿರುಗಿ ಬರುವಾಗ ದೂರದಿಂದಲೇ ಎಂಜಿನ್ ಸದ್ದು ಕೇಳಿತು. ಹತ್ತಿರ ಹೋದರೆ ಉಸಿರಿನ ತೇವ ಕೂತು ಗ್ಲಾಸೆಲ್ಲ ಬೆಳ್ಳಗಾಗಿದೆ. ತಟ್ಟಿದೆ. ಮುಖ ಹಚ್ಚಿ ನೋಡಿದೆ. ಮಾವನವರ ಕುತ್ತಿಗೆ ಪಕ್ಕಕ್ಕೆ ವಾಲಿತ್ತು. ಮಗಳು ಅಜ್ಜಿಯ ತೊಡೆಯ ಮೇಲೆ. ನಾಲ್ಕೂ ಬಾಗಿಲು ಒಳಗಿನಿಂದ ಲಾಕ್. ಜೋರಾಗಿ ಬಡಿದಾಗ ಅತ್ತೆ ಕಣ್ಣು ಬಿಟ್ಟರು, ನನ್ನನ್ನೇ ನೋಡಿದರು, ಲಾಕಿನತ್ತ ಕೈ ಎತ್ತಿದರು. ಕೈ ಅರ್ಧಕ್ಕೇ ಬಿದ್ದುಹೋಯಿತು. ಕಣ್ಣು ತೆರೆದೇ ಇತ್ತು, ಆದರೆ ನಾನು ಯಾರೆಂದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

ಪಕ್ಕದ ಬಂಡಿಯ ಗಾಲಿಗೆ ಕೊಟ್ಟಿದ್ದ ಕಲ್ಲು ಎಳೆದುಕೊಂಡೆ. ಬಂಡಿ ಗೇಣುದ್ದ ಸರಿಯಿತು, ಮೇಲೆ ಮಲಗಿದ್ದವನು ಬೈಯುತ್ತ ಎದ್ದ. ಗ್ಲಾಸಿನ ನಟ್ಟನಡುವೆ ಹೊಡೆದೆ. ಕಲ್ಲು ಪುಟಿದು ಬಂತು. ಮತ್ತೆ ಹೊಡೆದೆ, ಏನೂ ಆಗಲಿಲ್ಲ. ಹೆಂಡತಿ ಕೂಗುತ್ತಿದ್ದಳು. ಆಮೇಲೆ ಏಟು ಮೂಲೆಗೆ ಬಿತ್ತು, ಇಡೀ ಗ್ಲಾಸು ಸಕ್ಕರೆಯ ಹರಳಿನಂತೆ ಉದುರಿತು. ಕೈ ಹಾಕಿ ಲಾಕ್ ತೆಗೆದು ಎಂಜಿನ್ ಬಂದ್ ಮಾಡಿದೆ. ಬೈಯುತ್ತಿದ್ದವನೇ ಓಡಿಬಂದು ಮಗಳನ್ನು ಎತ್ತಿ ತನ್ನ ಕಂಬಳಿಯ ಮೇಲೆ ಹಾಕಿದ. ಮುಖ ನೀಲಿಯಾಗಿರಲಿಲ್ಲ, ನಿದ್ದೆ ಹೋದ ಮಗುವಿನ ಹಾಗೇ ಇತ್ತು. ಎತ್ತಿದ ತೋಳು ಮಾತ್ರ ಹಾಗೇ ಜಾರಿ ಬೀಳುತ್ತಿತ್ತು. ಯಾರೋ ಗೊರವಯ್ಯ ಬಂದು ಹಣೆಗೆ ಭಂಡಾರ ಹಚ್ಚಿದ. ಅಂಥದ್ದನ್ನೆಲ್ಲ ನಂಬದ ನಾನು ಬೇಡವೆನ್ನಲಿಲ್ಲ. ಗಾಳಿ ಬಿಡಿ, ಗಾಳಿ ಬಿಡಿ ಎಂದು ಜನರನ್ನು ದೂಡುತ್ತಿದ್ದೆ ಅಷ್ಟೆ. ಮಗಳು ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಅತ್ತಳು. ಅಷ್ಟರಲ್ಲಿ ಮಾವನವರೂ ಎದ್ದು ಕೂತು ತಲೆ ಹಿಡಿದುಕೊಂಡು ಕೇಳಿದ ಮೊದಲ ಮಾತು: “ಗ್ಲಾಸ್ ಯಾಕ ಒಡದ್ರಿ?”

108ಕ್ಕೆ ಫೋನ್ ಮಾಡಿ ಮೂವರನ್ನೂ ಆಸ್ಪತ್ರೆಗೆ ಸೇರಿಸಿದೆವು. ಮೂವರ ಮುಖಕ್ಕೂ ಆಕ್ಸಿಜನ್ ಹಾಕಿದರು. ಕಾರ್ಬನ್ ಮೊನಾಕ್ಸೈಡ್ ಎಂದರು ಡಾಕ್ಟರು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ಆಮೇಲೆ ಮಂಪರು. ಮಲಗಿದವರಿಗೆ ತಲೆನೋವೂ ತಿಳಿಯುವುದಿಲ್ಲ. ನಮ್ಮ ಕಾರಿನ ಸೈಲೆನ್ಸರ್ ಬಾಯಿ ಬದುವಿನ ಮಣ್ಣಿಗೆ ಅಂಟಿಕೊಂಡಂತಿತ್ತು. ಹೊರಹೋಗಬೇಕಾದ ಹೊಗೆ ಗಾಡಿಯ ಅಡಿಯಲ್ಲೇ ತುಂಬಿ ಒಳಗೆ ಏರಿತ್ತು.

ಇದು ನಮ್ಮೊಬ್ಬರ ಕಥೆಯಲ್ಲ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ಕಾರುಗಳೊಳಗೆ 20ಕ್ಕೂ ಹೆಚ್ಚು ಜನ ಸತ್ತರು. ಹೀಟರ್ ಹಾಕಿಕೊಂಡು ಗ್ಲಾಸ್ ಏರಿಸಿ ಮಲಗಿದವರೂ ಅವರಲ್ಲಿದ್ದರು. ಅದು ಹಿಮದ ಸೀಮೆ ಎನ್ನುವವರಿಗೆ ಕೇರಳದ ವಡಕರ ಇದೆ. 2024ರ ಡಿಸೆಂಬರಿನಲ್ಲಿ ಅಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರು ಹೆಣವಾಗಿ ಸಿಕ್ಕರು. ಕೊಂದದ್ದು ಜನರೇಟರಿನಿಂದ ಒಳಗೆ ಬಂದ ಇದೇ ಅನಿಲ.

ಹೀಟರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎಂಜಿನ್ ತಣಿಸಲು ಸುತ್ತುವ ನೀರು ಕಾದಿರುತ್ತದೆ, ಅದರ ಬಿಸಿಯನ್ನೇ ಫ್ಯಾನ್ ಒಳಗೆ ಊದುತ್ತದೆ. ಓಡುವ ಗಾಡಿಯಲ್ಲಿ ಅದು ಹೆಚ್ಚುಕಡಿಮೆ ಪುಕ್ಕಟೆ, ನಿಂತ ಗಾಡಿಯಲ್ಲಿ ದುಂದು. ಸುಮ್ಮನೆ ಚಾಲೂ ಇದ್ದರೂ ಕಾರು ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಬೆಳಗ್ಗೆ ಹತ್ತು ನಿಮಿಷ ಗುರ್ರೆನಿಸಿ ಕಾಯಿಸುವುದೂ ಬೇಕಿಲ್ಲ. ಅರ್ಧ ನಿಮಿಷ ಬಿಟ್ಟು ನಿಧಾನ ಹೊರಟರೆ ಬೇಗ ಕಾಯುತ್ತದೆ. ಆಮೇಲೆ ಹೀಟರ್ ಹಾಕಿ, ಗಾಳಿ ಕಾಲಿಗೆ ಬರಲಿ. ಮುಂದಿನ ಗ್ಲಾಸು ಮಂಜಾದರೆ ಒರೆಸುತ್ತ ಕೂರುವ ಬದಲು ಹೀಟರ್ ಜೊತೆಗೇ ಎಸಿಯನ್ನೂ ಹಾಕಿ ಹೊರಗಿನ ಗಾಳಿ ಬಿಟ್ಟುಕೊಳ್ಳಿ. ಎಸಿ ತೇವ ಹೀರುತ್ತದೆ.

ಮಲಗುವುದಾದರೆ ಎಂಜಿನ್ ಬಂದ್, ಕೀಲಿ ನಿಮ್ಮ ಜೇಬಿನಲ್ಲಿ, ಹಿರಿಯರ ಕೈಯಲ್ಲಲ್ಲ. ಎದುರುಬದುರು ಗ್ಲಾಸು ಎರಡು ಬೆರಳು ಇಳಿದಿರಲಿ. ಅಕ್ಕಪಕ್ಕದ ಗಾಡಿಯ ಹೊಗೆಯೂ ಹೊಗೆಯೇ, ನೋಡಿ ನಿಲ್ಲಿಸಿ. ಕೆಂಡದ ಬುಟ್ಟಿ ಒಳಗಿಡುವ ಯೋಚನೆಯಂತೂ ಬೇಡ, ಅದರಿಂದ ಬರುವುದೂ ಇದೇ ವಿಷ. ಕಂಬಳಿ ಮರೆಯಬೇಡಿ. ಒಣಹುಲ್ಲಿನ ಮೇಲೆ ಬಿಸಿ ಗಾಡಿ ನಿಲ್ಲಿಸುವುದೂ ಅಪಾಯ. ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ ಹರವಿರುತ್ತಾರಲ್ಲ, ಅದು ಅಡಿಗೆ ಸುತ್ತಿಕೊಂಡು ಕಾರು ಹೊತ್ತಿದ ಸುದ್ದಿ ನಮ್ಮ ರಾಜ್ಯದಲ್ಲಿ ಹೊಸದೇನಲ್ಲ. ದಾಟಿದ ಮೇಲೆ ಇಳಿದು ಒಮ್ಮೆ ಬಗ್ಗಿ ನೋಡಿ.

ಜಾತ್ರೆ ಮುಗಿದ ಮೇಲೆ ಹರಪನಹಳ್ಳಿಯ ಮೆಕ್ಯಾನಿಕ್ ಗಾಡಿ ಎತ್ತಿ ತೋರಿಸಿದ. ಸೈಲೆನ್ಸರ್ ಜಾಯಿಂಟಿನ ಸುತ್ತ ಮಸಿ ಹತ್ತಿತ್ತು. ಹಿಂದೊಮ್ಮೆ ಸರ್ವಿಸಿಗೆ ಬಿಟ್ಟು ಸದ್ದು ಬರುತ್ತಿದೆ ಎಂದಾಗ ಬೇರೊಬ್ಬ ಪುಣ್ಯಾತ್ಮ ಅಲ್ಲಿ ತಗಡಿನ ಪಟ್ಟಿ ಸುತ್ತಿ ಬಿಲ್ ಕೊಟ್ಟು ಕಳಿಸಿದ್ದ. ಪಟ್ಟಿಯ ಸಂದಿಯಲ್ಲಿ ಕಿರುಬೆರಳು ತೂರುವಷ್ಟು ಜಾಗ. ಕಣ್ಣಾರೆ ನೋಡಲಿ ಎಂದು ಮಾವನವರನ್ನೂ ಕರೆದೊಯ್ದಿದ್ದೆ. ಬಗ್ಗಿ ನೋಡಿದರು, ಬೆರಳಿಗೆ ಹತ್ತಿದ ಮಸಿಯನ್ನು ಪಂಚೆಗೆ ಒರೆಸಿಕೊಂಡರು. “ಆದ್ರೂ ಅವತ್ತಿನ ಮಿರ್ಚಿ ಎಣ್ಣಿ ಚಲೋ ಇರ್ಲಿಲ್ಲ ಬಿಡ್ರಿ ಅಳಿಯಾರ” ಎಂದರು.