ಹಾಡು ಊರಿಗೆಲ್ಲ, ಕಾಸು ಯಾರಿಗೆ?

'ಓ! ಸುಸಾನಾ' ಹೆಸರು ಗೊತ್ತಿಲ್ಲದಿದ್ರೂ ಟ್ಯೂನ್ ನಿಮ್ಮ ಕಿವಿಗೆ ಗೊತ್ತಿರುತ್ತೆ. ಕೀಬೋರ್ಡ್ ಕಲಿಸೋ ಪುಸ್ತಕಗಳಲ್ಲಿ ಬಂದೇ ಬರುತ್ತೆ. ಅದನ್ನು ಬರೆದ ಸ್ಟೀಫನ್ ಫಾಸ್ಟರ್ (1826–1864) ಆಗ ಸಿನ್ಸಿನಾಟಿಯಲ್ಲಿ ಅಣ್ಣನ ಸ್ಟೀಮ್‌ಬೋಟ್ ಕಚೇರಿಯ ಲೆಕ್ಕದ ಗುಮಾಸ್ತ. 1848ರಲ್ಲಿ ಅಚ್ಚಾದ ಹಾಡು, ಮರುವರ್ಷ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟವರ ಬಾಯಲ್ಲೆಲ್ಲ ಇತ್ತು. ಹಲವು ಪ್ರಕಾಶಕರು ತಮ್ಮ ಪಾಡಿಗೆ ಅಚ್ಚು ಹಾಕಿಕೊಂಡರು.

ಇಲ್ಲಿ ಆ ಕಾಲದ 'ಬಿಸಿನೆಸ್ ಮಾಡೆಲ್' ನೋಡೋಣ. ರೆಕಾರ್ಡ್ ಇಲ್ಲ, ರೇಡಿಯೋ ಇಲ್ಲ. ಮಾರಾಟವಾಗ್ತಿದ್ದದ್ದು ಮನೆಯ ಪಿಯಾನೋ ಮೇಲಿಡುವ ಸ್ವರಲಿಪಿಯ ಹಾಳೆ. 1831ರ ಕಾಪಿರೈಟ್ ಕಾನೂನು ಅಚ್ಚಿಗಷ್ಟೇ ರಕ್ಷಣೆ ಕೊಟ್ಟಿತ್ತು. ವೇದಿಕೆಯಲ್ಲಿ ಯಾರು ಎಷ್ಟು ಸಲ ಹಾಡಿದರೂ ಬರೆದವನಿಗೆ ಬಿಡಿಗಾಸಿಲ್ಲ. ಆ ಹಕ್ಕು ಸಂಗೀತಕ್ಕೆ ಸಿಕ್ಕಿದ್ದು 1897ರಲ್ಲಿ. ಫಾಸ್ಟರ್‌ಗೆ ಫರ್ತ್, ಪಾಂಡ್ ಕಂಪನಿ ಪ್ರತಿಗೆ 2 ಸೆಂಟ್ ರಾಯಲ್ಟಿ ಕೊಡ್ತಿತ್ತು. ಆ ಕಾಲಕ್ಕೆ ಅದೇ ಅಪರೂಪ.

ಹೆಸರಿನ ಕಥೆ ಇನ್ನೂ ಬೇಜಾರು. 1851ರ 'ಓಲ್ಡ್ ಫೋಕ್ಸ್ ಅಟ್ ಹೋಮ್' ಹಾಳೆಯ ಮೇಲೆ ಬರೆದವನೆಂದು ಅಚ್ಚಾಗಿದ್ದು ಇ.ಪಿ. ಕ್ರಿಸ್ಟಿ ಹೆಸರು. ಕ್ರಿಸ್ಟಿ ದುಡ್ಡು ಕೊಟ್ಟು ಕೊಂಡಿದ್ದ. ಮರುವರ್ಷ ಫಾಸ್ಟರ್ ಪತ್ರ ಬರೆದು ತನ್ನ ಹೆಸರು ವಾಪಸ್ ಕೇಳಿದ, ಕ್ರಿಸ್ಟಿ ಒಪ್ಪಲಿಲ್ಲ. (ರಾಯಲ್ಟಿ ಮಾತ್ರ ಫಾಸ್ಟರ್‌ಗೇ ಬಂತು.) ಹಾಡಿನ ಸುವಾನೀ ನದಿಯನ್ನು ಅವನು ಕಂಡೇ ಇರಲಿಲ್ಲ; ಅಟ್ಲಾಸಲ್ಲಿ ಹುಡುಕಿದ ಹೆಸರು, ರಾಗಕ್ಕೆ ಕೂರಲೆಂದು ಒಂದು ಅಕ್ಷರ ಕತ್ತರಿಸಿದ್ದ.

ಕ್ರಿಸ್ಟಿಯದು ಮಿನ್‌ಸ್ಟ್ರೆಲ್ ತಂಡ. ಬಿಳಿಯರು ಸುಟ್ಟ ಕಾರ್ಕಿನ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸೋ ಆಟ. ಫಾಸ್ಟರ್ ಬರೆದದ್ದು ಆ ವೇದಿಕೆಗೇ. ಇದನ್ನು ಬಿಟ್ಟು ಬರೀ ರಾಗ ಮೆಚ್ಚಿಕೊಳ್ಳೋದು ನಮಗೆ ಸರಿ ಅನ್ನಿಸಲ್ಲ. ಆದರೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡೆರಿಕ್ ಡಗ್ಲಸ್, 1855ರಲ್ಲಿ 'ಮೈ ಓಲ್ಡ್ ಕೆಂಟಕಿ ಹೋಮ್' ತರಹದ ಹಾಡುಗಳು ಗುಲಾಮರ ಬಗ್ಗೆ ಕನಿಕರ ಹುಟ್ಟಿಸುತ್ತವೆ ಅಂದಿದ್ದರು. ಎರಡೂ ನಿಜ. 'ಓಲ್ಡ್ ಫೋಕ್ಸ್' ಈಗಲೂ ಫ್ಲೋರಿಡಾದ ರಾಜ್ಯಗೀತೆ. 2008ರಲ್ಲಿ ಅದರ ಪದಗಳನ್ನು ತಿದ್ದಿದರು.

1857ರಲ್ಲಿ ಕೈಯಲ್ಲಿ ಕಾಸಿಲ್ಲದೆ ಮುಂದೆ ಬರಬೇಕಿದ್ದ ರಾಯಲ್ಟಿಯನ್ನೆಲ್ಲ ಫರ್ತ್, ಪಾಂಡ್‌ಗೆ ಸುಮಾರು 1,900 ಡಾಲರಿಗೆ ಮಾರಿಬಿಟ್ಟ. 1864ರ ಜನವರಿ 13ರಂದು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 37, ಪರ್ಸಿನಲ್ಲಿ 38 ಸೆಂಟ್.