ಕೈಗಡಿಯಾರಕ್ಕೆ ಓರೆ ಬೆಳಕು

ಗಡಿಯಾರದ ಚಿತ್ರ ತೆಗೆಯುವುದರಲ್ಲಿ ಕಲಿಯತಕ್ಕದ್ದೇನಿದೆಯೆಂದು ವಾಚಕರು ಕೇಳಬಹುದು. ಈಗ ಸಿಂಧನೂರಿನಲ್ಲಿ ಕುಳಿತು ಮೊಬೈಲಿನ ಚಿತ್ರವನ್ನು ತೋರಿಸಿ ಲಿಂಗಸುಗೂರಿನವರಿಗೆ ಗಡಿಯಾರ ಮಾರಬಹುದು. ಕೊಳ್ಳುವವರು ಅದನ್ನು ಕೈಯಲ್ಲಿ ಹಿಡಿದು ನೋಡಲಾರರು. ಅವರಿಗೆ ಚಿತ್ರವೊಂದೇ ಸಾಕ್ಷಿ.

ಕ್ರೀಡಾ ಕ್ರೋನೋಗ್ರಾಫನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರಲ್ಲಿ ನಡುವಿನ ಉದ್ದ ಮುಳ್ಳು ಸಾಮಾನ್ಯವಾಗಿ ಗುಂಡಿಯನ್ನು ಒತ್ತಿದಾಗ ಮಾತ್ರ ಓಡುತ್ತದೆ. ಅಂಚಿನ ಟ್ಯಾಕಿಮೀಟರ್ ಅಂಕೆಗಳು ವೇಗವನ್ನು ತಿಳಿಸುತ್ತವೆ. ಮಸ್ಕಿಯ ರಸ್ತೆಯಲ್ಲಿ ಒಂದು ಕಿಲೋಮೀಟರು ಕಲ್ಲಿನಿಂದ ಮುಂದಿನದಕ್ಕೆ ವಾಹನವು 45 ಸೆಕೆಂಡಿನಲ್ಲಿ ಹೋದರೆ ಮುಳ್ಳು 80ನ್ನು ತೋರಿಸುವುದು. ಅಂದರೆ ಗಂಟೆಗೆ 80 ಕಿಲೋಮೀಟರು. 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಮುಂತಾದವುಗಳ ರೂಪವನ್ನು ಅನುಸರಿಸಿದ ಹೊಸ ಗಡಿಯಾರಗಳು ಇಂದೂ ತಯಾರಾಗುತ್ತಿವೆ.

ಮೊದಲ ತೊಡಕು ಗಾಜು. ಅದು ಕನ್ನಡಿಯಂತೆ ನಮ್ಮ ಮುಖವನ್ನೂ ಮೊಬೈಲನ್ನೂ ತೋರಿಸುತ್ತದೆ. ಆದ್ದರಿಂದ ಕಿಟಕಿಯ ಪಕ್ಕದಲ್ಲಿ ಗಡಿಯಾರವನ್ನಿಟ್ಟು, ಕಿಟಕಿಗೆ ಬಿಳಿಯ ಪಂಚೆ ಕಟ್ಟಿ ಬಿಸಿಲನ್ನು ಮೆದುಗೊಳಿಸಬೇಕು. ಕಪ್ಪು ರಟ್ಟಿನಲ್ಲಿ ರಂಧ್ರ ಮಾಡಿ, ಅದರ ಮೂಲಕ ಚಿತ್ರ ತೆಗೆದರೆ ಗಾಜಿನಲ್ಲಿ ಕಪ್ಪು ಮಾತ್ರ ಪ್ರತಿಫಲಿಸುತ್ತದೆ. ಒಳಗಿನ ಅಂಕೆಗಳು ಸ್ಪಷ್ಟವಾಗುತ್ತವೆ. ಬಹಳ ಹತ್ತಿರ ಹೋದರೆ ಆಕಾರ ವಿಕಾರವಾಗುವುದರಿಂದ ಸ್ವಲ್ಪ ದೂರ ನಿಂತು ಜೂಮ್ ಮಾಡುವುದು ಮೇಲು. ಮುಳ್ಳುಗಳನ್ನು 10 ಗಂಟೆ 10 ನಿಮಿಷಕ್ಕಿಡುವುದು ವಾಡಿಕೆ. ಆಗ 12ರ ಕೆಳಗಿನ ಹೆಸರು ಮರೆಯಾಗುವುದಿಲ್ಲ. ಚಿಕ್ಕ ವೃತ್ತಗಳು ಮುಚ್ಚಿಹೋದರೆ ಮಾತ್ರ ವೇಳೆಯನ್ನು ಬದಲಿಸಬೇಕು. ಉದ್ದ ಮುಳ್ಳನ್ನು 12ಕ್ಕೆ ಮರಳಿಸಬೇಕು. ಅಲ್ಲಿ ಅದು ಸರಿಯಾಗಿ ನಿಲ್ಲದಿದ್ದರೆ ಆ ದೋಷವೂ ಚಿತ್ರದಲ್ಲಿ ಕಾಣಲಿ.

ಮುಖ್ಯವಾದ ಪಾಠ ಇನ್ನೊಂದಿದೆ. ಮಸ್ಕಿಯ ಬಂಡೆಯಲ್ಲಿ 1915ರಲ್ಲಿ ದೊರೆತ ಶಾಸನದಿಂದಲೇ ‘ದೇವಾನಾಂಪ್ರಿಯ’ನು ಅಶೋಕನೆಂಬುದು ದೃಢಪಟ್ಟಿತು. ಕಲ್ಲಿನಲ್ಲಿ ಕೊರೆದ ಅಕ್ಷರಗಳ ಮೇಲೆ ನೇರವಾಗಿ ಬೆಳಕು ಬಿದ್ದರೆ ಅವು ಮಸುಕಾಗುತ್ತವೆ. ಓರೆಯಾಗಿ ಬಿದ್ದರೆ ಪ್ರತಿಯೊಂದು ಗೆರೆಗೂ ನೆರಳು ಬಂದು ಓದಲು ಸುಲಭವಾಗುತ್ತದೆ. ಗಡಿಯಾರದ ಗೀರು, ತಗ್ಗು, ಸವೆತಗಳೂ ಹಾಗೆಯೇ. ಪಂಚೆಯ ಮೆದುಬೆಳಕು ಅವುಗಳನ್ನು ಮರೆಸುತ್ತದೆ. ಆದಕಾರಣ ಅಂದಕ್ಕೊಂದು ಚಿತ್ರ ತೆಗೆದ ಮೇಲೆ ಪಂಚೆಯನ್ನು ಸರಿಸಿ, ಓರೆ ಬೆಳಕಿನಲ್ಲಿ ಇನ್ನೊಂದನ್ನು ತೆಗೆಯಬೇಕು.

ಹಳದಿ ಬೆಳಕು ಹಾಕಿ, ನಿನ್ನೆ ಮೊನ್ನೆ ತಯಾರಾದ ಗಡಿಯಾರಕ್ಕೆ ಅರುವತ್ತು ವರ್ಷದ ವಯಸ್ಸನ್ನು ಬರಿಸುವುದು ಕಷ್ಟವಲ್ಲ. ಅದನ್ನು ನಂಬಿ, ತಿಂಗಳ ಸಂಬಳದಲ್ಲಿ ಉಳಿಸಿದ ಹಣವನ್ನು ಕಳುಹಿಸುವವರೊಬ್ಬರು ಆ ಕಡೆ ಇರುತ್ತಾರೆ. ಮಾರುವವರು ಎರಡನೆಯ ಚಿತ್ರವನ್ನೂ ಅವರಿಗೆ ಕಳುಹಿಸಲಿ. ಗಡಿಯಾರ ತಯಾರಾದ ವರ್ಷ ತಿಳಿದಿದ್ದರೆ ಅದನ್ನೂ ಬರೆಯಲಿ.